ಹಳೆಯ ಮನೆಯ ಬಚ್ಚಲಿನಲ್ಲಿ ಸೋರುವ ನಲ್ಲಿಯನ್ನು ಬದಲಾಯಿಸುವ ಬಗೆ

ಸೋರುವ ನಲ್ಲಿಯ ಕೆಳಗೆ ಒಂದು ಲೋಟವಿಟ್ಟು ಗಡಿಯಾರ ನೋಡಿಕೊಳ್ಳಿ. 200 ಮಿಲಿಲೀಟರ್ ಹಿಡಿಯುವ ಲೋಟ ಒಂದು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 4.8 ಲೀಟರ್, ತಿಂಗಳಿಗೆ 144 ಲೀಟರ್ ನೀರು ಸುಮ್ಮನೆ ಮೋರಿ ಸೇರುತ್ತಿದೆ ಎಂದಾಯಿತು. ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಅದು ಐದಾರು ಜನ ಬಕೆಟ್ಟಿನಲ್ಲಿ ಸ್ನಾನ ಮಾಡುವಷ್ಟು ನೀರು. ಗೋಡೆಗೂ ಇದು ಒಳ್ಳೆಯದಲ್ಲ. ಸದಾ ಒದ್ದೆಯಿರುವ ಜಾಗದಲ್ಲಿ ಗಾರೆ ಸಡಿಲವಾಗುತ್ತದೆ, ಟೈಲ್ಸಿನ ಸಂದುಗಳಲ್ಲಿ ಪಾಚಿ ಹಿಡಿಯುತ್ತದೆ, ನೆಲ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಈ ಕೊನೆಯದೊಂದೇ ಕಾರಣ ಸಾಕು, ನಲ್ಲಿಯನ್ನು ಇಂದೇ ಸರಿಮಾಡಲು.

ಹೊಸ ಮನೆಗಳಲ್ಲಿ ನಲ್ಲಿ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಎಪ್ಪತ್ತು ಎಂಬತ್ತರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಗೋಡೆಯೊಳಗೆ ಹೂತಿರುವುದು ಸತು ಲೇಪಿಸಿದ ಕಬ್ಬಿಣದ ಪೈಪು, ಅಂದರೆ ನಾವೆಲ್ಲ ಜಿಐ ಪೈಪು ಎನ್ನುವುದು. ನಲ್ಲಿ ಕೂರುವ ಜಾಗದಲ್ಲಿ ಅದಕ್ಕೊಂದು ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಜೋಡಣೆಯ ತುಂಡು, ಇರುತ್ತದೆ. ನಲ್ಲಿಯ ಥ್ರೆಡ್ಡು, ಅಂದರೆ ಸುರುಳಿ ಏಣುಗಳಿರುವ ತುದಿ, ಆ ಎಲ್ಬೋದ ಬಾಯೊಳಗೆ ಹೋಗಿ ಕೂತಿರುತ್ತದೆ. ಮಧ್ಯಮ ದರ್ಜೆಯ ಅರ್ಧ ಇಂಚಿನ ಜಿಐ ಪೈಪಿನ ದಪ್ಪ 2.6 ಮಿಲಿಮೀಟರ್. ಅದರ ತುದಿಯಲ್ಲಿ ಥ್ರೆಡ್ ಕೊರೆದಾಗ 1.16 ಮಿಲಿಮೀಟರ್ ಹೋಗುತ್ತದೆ, ಜೊತೆಗೆ ಮೇಲಿನ ಸತುವೂ ಹೋಗುತ್ತದೆ. ಒಂದೂವರೆ ಮಿಲಿಮೀಟರಿಗೂ ಕಡಿಮೆ ಉಳಿದ ಆ ತೆಳು ಜಾಗವೇ ನಲವತ್ತು ಐವತ್ತು ವರ್ಷ ತುಕ್ಕು ತಿಂದಿರುವುದು. ಆದ್ದರಿಂದ ಹಳೆಯ ಮನೆಯಲ್ಲಿ ನಾವು ಕೈಯಿಡುವುದು ನಲ್ಲಿಗಾದರೂ, ಎಚ್ಚರ ವಹಿಸಬೇಕಾದದ್ದು ಕಣ್ಣಿಗೆ ಕಾಣದ ಆ ಪೈಪಿನ ಬಗ್ಗೆ.

ಇದನ್ನು ನಾನು ನಷ್ಟ ಅನುಭವಿಸಿಯೇ ಕಲಿತೆ. ಮೈಸೂರಿನ ನಮ್ಮ ಮನೆಯ ಬಚ್ಚಲಲ್ಲಿ ಹಂಡೆಗೆ ನೀರು ಬಿಡುವ ಹಿತ್ತಾಳೆ ನಲ್ಲಿಯೊಂದಿತ್ತು. ಅದು ಬಿಗಿದುಕೊಂಡು ಬಿಚ್ಚಲು ಬಾರದಿದ್ದಾಗ ಸ್ಪ್ಯಾನರಿನ ಹಿಡಿಗೆ ಕೊಳವೆ ಸೇರಿಸಿ ಉದ್ದ ಮಾಡಿಕೊಂಡು ಮೈಭಾರ ಹಾಕಿದೆ. ನಲ್ಲಿ ಒಂದು ಬೆರಳಿನಷ್ಟು ಮಿಸುಕಿತು, ಒಳಗೆಲ್ಲೋ ಕಿರ್ ಎಂದಿತು, ಬಂತು ಎಂದುಕೊಂಡೆ. ಮಿಸುಕಿದ್ದು ನಲ್ಲಿಯಲ್ಲ, ಗೋಡೆಯೊಳಗಿನ ಎಲ್ಬೋ. ಮೇಲಿನಿಂದ ಬಂದು ಅದಕ್ಕೆ ಸೇರುವ ಪೈಪಿನ ಥ್ರೆಡ್ ಬಿರುಕು ಬಿಟ್ಟಿತ್ತು. ಮರುದಿನ ಬೆಳಿಗ್ಗೆ ಗೋಡೆಯ ಆಚೆ ಬದಿಯ ಅಡುಗೆಮನೆಯಲ್ಲಿ ಅಂಗೈಯಗಲ ತೇವ ಮೂಡಿತು. ಆಮೇಲೆ ಟೈಲ್ಸು ಒಡೆದು, ಗೋಡೆ ಕೊರೆದು, ಪೈಪು ತುಂಡರಿಸಿ ಜೋಡಿಸಲು ಮೂರು ದಿನ ಹಿಡಿಯಿತು. ಕೆಲಸಕ್ಕೆ ಬಂದ ಹಿರಿಯ ಪ್ಲಂಬರ್ ಹೇಳಿದ ಮಾತು ಈಗಲೂ ನೆನಪಿದೆ: "ನಲ್ಲಿ ಬಿಚ್ಚೋಕೆ ಬಲ ಬೇಡ ಸ್ವಾಮಿ, ಟೈಮು ಬೇಕು. ಹಿಂದಿನ ದಿನಾನೇ ಎಣ್ಣೆ ಬಿಟ್ಟು ಮಲಗಿಬಿಡಬೇಕು." ಮುಂದೆ ಬರೆದಿರುವುದರಲ್ಲಿ ಬಹುಪಾಲು ಅವರ ಪಕ್ಕದಲ್ಲಿ ನಿಂತು ನೋಡಿದ್ದು, ಆಮೇಲೆ ಸ್ವತಃ ಮಾಡಿ ಖಚಿತಪಡಿಸಿಕೊಂಡದ್ದು.

ಸೋರುತ್ತಿರುವುದು ಎಲ್ಲಿಂದ?

ನಲ್ಲಿಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಹತ್ತು ನಿಮಿಷ ಬಿಟ್ಟು ನೋಡಿ. ನೀರು ಬರುವ ಜಾಗ ನಾಲ್ಕರಲ್ಲಿ ಒಂದಾಗಿರುತ್ತದೆ, ಮತ್ತು ನಾಲ್ಕಕ್ಕೂ ಮದ್ದು ಬೇರೆ ಬೇರೆ.

ನಲ್ಲಿಯನ್ನು ಪೂರ್ತಿ ನಿಲ್ಲಿಸಿದ ಮೇಲೂ ಬಾಯಿಂದ ಹನಿ ಬೀಳುತ್ತಿದ್ದರೆ ಒಳಗಿನ ವಾಷರ್ ಸವೆದಿದೆ, ಇಲ್ಲವೇ ವಾಷರ್ ಕೂರುವ ಸೀಟು ಹಾಳಾಗಿದೆ. ಬಾಯಿಯಲ್ಲಿ ಸೋರದೆ, ನಲ್ಲಿ ಬಿಟ್ಟಾಗ ಮಾತ್ರ ಹಿಡಿಯ ಬುಡದಿಂದ ನೀರು ಒಸರುತ್ತಿದ್ದರೆ ಹಿಡಿಯ ಜೊತೆ ತಿರುಗುವ ಕಡ್ಡಿಯ, ಅಂದರೆ ಸ್ಪಿಂಡಲಿನ, ಸುತ್ತಲಿನ ಪ್ಯಾಕಿಂಗ್ ಸವೆದಿದೆ ಎಂದರ್ಥ. ಅಲ್ಲಿರುವ ಸಣ್ಣ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಎಷ್ಟೋ ಸಲ ನಿಂತುಹೋಗುತ್ತದೆ, ನಿಲ್ಲದಿದ್ದರೆ ನಟ್ಟು ಬಿಚ್ಚಿ ಸ್ಪಿಂಡಲ್ಲಿಗೆ ಟೆಫ್ಲಾನ್ ಟೇಪನ್ನು ಹುರಿಮಾಡಿ ನಾಲ್ಕು ಸುತ್ತು ಸುತ್ತಿ ಮತ್ತೆ ಬಿಗಿಯಬೇಕು. ಇವೆರಡಕ್ಕೂ ನಲ್ಲಿಯನ್ನು ಗೋಡೆಯಿಂದ ಬಿಚ್ಚುವ ಅಗತ್ಯವೇ ಇಲ್ಲ.

ಮೂರನೆಯದು ನಲ್ಲಿ ಗೋಡೆಗೆ ಸೇರುವ ಜಾಗ. ಅಲ್ಲಿ ಒಸರುತ್ತಿದ್ದರೆ ಥ್ರೆಡ್ಡಿನ ಸುತ್ತಲಿನ ಹಳೆಯ ಸೆಣಬೋ ಟೇಪೋ ಕೊಳೆತಿರಬಹುದು, ಅಥವಾ ತುಕ್ಕು ಥ್ರೆಡ್ಡನ್ನೇ ತಿಂದಿರಬಹುದು. ಒಸರುವ ನೀರು ಕೆಂಪಾಗಿದ್ದರೆ ಎರಡನೆಯದರ ಸಂಭವವೇ ಹೆಚ್ಚು. ಇಂತಹ ಕಡೆ ಬಿಚ್ಚದೆ ಗತಿಯಿಲ್ಲ, ಮತ್ತು ಇಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ನಾಲ್ಕನೆಯದು ನಲ್ಲಿಯ ಮೈ. ಹಳೆಯ ಹಿತ್ತಾಳೆಯಿಂದ ಸತುವಿನ ಅಂಶ ಕ್ರಮೇಣ ನೀರಿಗೆ ಕರಗಿ ಹೋದಾಗ ಹಳದಿ ಬಣ್ಣ ಕಳೆದು ಗುಲಾಬಿ ಛಾಯೆಯ ತೇಪೆಗಳು ಕಾಣಿಸಿಕೊಳ್ಳುತ್ತವೆ. ಆ ಜಾಗ ರಂಧ್ರಮಯವಾಗಿ ಮುಟ್ಟಿದರೆ ಮುರಿಯುವಂತಾಗಿರುತ್ತದೆ. ಅದಕ್ಕೆ ಎಂಸೀಲ್ ಮೆತ್ತಿ ದಿನ ದೂಡುವುದು ಬೇಡ, ನಲ್ಲಿ ಬದಲಾಯಿಸಿ.

ಮೊದಲು ವಾಷರ್ ಹಾಕಿ ನೋಡಿ

ಸೋರುವ ನಲ್ಲಿಯನ್ನು ಬದಲಾಯಿಸುವ ಲೇಖನದಲ್ಲಿ ಬದಲಾಯಿಸಬೇಡಿ ಎಂದು ಹೇಳುವುದು ವಿಚಿತ್ರವೆನಿಸಬಹುದು. ಆದರೆ ತಿರುಗಿಸಿ ಇಳಿಸುವ ಹಳೆಯ ಬಗೆಯ ಗಟ್ಟಿ ಹಿತ್ತಾಳೆ ನಲ್ಲಿ ನಿಮ್ಮ ಮನೆಯಲ್ಲಿದ್ದು, ಅದು ಬಾಯಿಂದ ಮಾತ್ರ ಸೋರುತ್ತಿದ್ದರೆ, ಕೆಲವೇ ರೂಪಾಯಿಯ ವಾಷರಿನಲ್ಲಿ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು, ಗೋಡೆಯೊಳಗಿನ ಪೈಪಿನ ತಂಟೆಗೂ ಹೋಗಬೇಕಾಗಿಲ್ಲ.

ನೀರು ನಿಲ್ಲಿಸಿ, ನಲ್ಲಿಯನ್ನು ಅರ್ಧ ತೆರೆದಿಟ್ಟು, ಮೇಲಿನ ದೊಡ್ಡ ಷಟ್ಕೋನದ ಭಾಗವನ್ನು ಸ್ಪ್ಯಾನರಿನಿಂದ ಎಡಕ್ಕೆ ತಿರುಗಿಸಿ. ಹಾಗೆ ತಿರುಗಿಸುವಾಗ ಇನ್ನೊಂದು ಕೈಯಿಂದ ನಲ್ಲಿಯ ಮೈಯನ್ನು ಭದ್ರವಾಗಿ ಹಿಡಿದುಕೊಳ್ಳಬೇಕು, ಇಲ್ಲವಾದರೆ ಆ ಬಲವೆಲ್ಲ ಎಲ್ಬೋಗೆ ಹೋಗುತ್ತದೆ. ತಲೆಯ ಭಾಗ ಹೊರಬಂದಾಗ ಅದರ ತುದಿಯಲ್ಲೋ ನಲ್ಲಿಯ ಒಳಗೋ ಜಂಪರ್ ಎಂಬ ಸಣ್ಣ ಹಿತ್ತಾಳೆಯ ತುಂಡು ಸಿಗುತ್ತದೆ, ವಾಷರ್ ಇರುವುದು ಅದರ ಅಡಿಯಲ್ಲಿ. ಹಳೆಯ ವಾಷರನ್ನು ಕೈಗೆತ್ತಿಕೊಂಡು ನೋಡಿ: ಒಣಗಿದ ಅಡಿಕೆ ಹೋಳಿನಷ್ಟು ಗಟ್ಟಿಯಾಗಿರುತ್ತದೆ, ಸೀಟಿನ ಅಂಚು ಒತ್ತಿ ಒತ್ತಿ ಕೊರೆದ ಉಂಗುರದ ಗುರುತು ಅದರ ಮೇಲಿರುತ್ತದೆ, ಆ ಉಂಗುರ ಒಂದು ಕಡೆ ಹರಿದಿರುತ್ತದೆ. ನೀರು ಸೋರುತ್ತಿದ್ದುದು ಆ ಹರಿದ ಕಡೆಯಿಂದ. ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ.

ಹೊಸ ವಾಷರ್ ಹಾಕುವ ಮೊದಲು ಟಾರ್ಚ್ ಬಿಟ್ಟು ನಲ್ಲಿಯ ಒಳಗಿನ ಸೀಟನ್ನು ನೋಡಿ, ಕಿರುಬೆರಳಿನಿಂದ ಅದರ ಅಂಚನ್ನು ಸುತ್ತಲೂ ಸವರಿ. ನುಣುಪಾಗಿದ್ದರೆ ವಾಷರ್ ಸಾಕು. ಎಲ್ಲಾದರೂ ಕಚ್ಚು ಬಿದ್ದಿದ್ದು ಉಗುರಿಗೆ ತಾಗಿದರೆ ಎಂತಹ ವಾಷರ್ ಹಾಕಿದರೂ ತಿಂಗಳೊಳಗೆ ಮತ್ತೆ ಸೋರುತ್ತದೆ. ಆಗ ನಲ್ಲಿಯನ್ನೇ ಬದಲಾಯಿಸುವುದು ಸರಿ.

ನೀರು ನಿಲ್ಲಿಸುವುದು

ಹಳೆಯ ಮನೆಗಳಲ್ಲಿ ಎಲ್ಲ ನಲ್ಲಿಗಳಿಗೂ ಮೇಲಿನ ಟ್ಯಾಂಕಿನಿಂದಲೇ ನೀರು ಬರುತ್ತದೆ ಎಂದು ನಂಬುವಂತಿಲ್ಲ. ಹಿಂದೆ ಬೀದಿಯ ನೀರು ಒತ್ತಡದಿಂದ ಬರುತ್ತಿದ್ದ ಕಾಲದಲ್ಲಿ ಬಚ್ಚಲಿಗೋ ಹಿತ್ತಲಿಗೋ ಒಂದು ನೇರ ಸಂಪರ್ಕ ಕೊಟ್ಟಿರುತ್ತಿದ್ದರು, ಟ್ಯಾಂಕು ಆಮೇಲೆ ಬಂದದ್ದು. ಅಂಥ ನಲ್ಲಿಗೆ ಟ್ಯಾಂಕಿನ ವಾಲ್ವ್ ಮುಚ್ಚಿ ಪ್ರಯೋಜನವಿಲ್ಲ, ಮೀಟರಿನ ಬಳಿಯ ಸ್ಟಾಪ್ ಕಾಕ್ ಮುಚ್ಚಬೇಕು. ಸೋರುವ ನಲ್ಲಿ ಯಾವ ಬಗೆಯದೆಂದು ತಿಳಿಯಲು, ಬೀದಿಯ ನೀರು ಬರುತ್ತಿರುವ ಹೊತ್ತಿನಲ್ಲಿ ಟ್ಯಾಂಕಿನ ವಾಲ್ವ್ ಮುಚ್ಚಿ ನಲ್ಲಿ ತೆರೆದು ನೋಡಿ. ಐದು ನಿಮಿಷವಾದರೂ ಧಾರೆ ಕುಗ್ಗದಿದ್ದರೆ ಅದು ನೇರ ಸಂಪರ್ಕದ್ದಿರಬೇಕು, ಇಲ್ಲವೇ ವಾಲ್ವ್ ಕೆಲಸ ಮಾಡುತ್ತಿಲ್ಲ.

ವಾಲ್ವ್ ಕೆಲಸ ಮಾಡದಿರುವುದು ತೀರ ಸಾಮಾನ್ಯ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವನ್ನು ಒಂದೇ ಸಲ ಬಲವಾಗಿ ತಿರುಗಿಸಿದರೆ ಸ್ಪಿಂಡಲ್ ಮುರಿಯುತ್ತದೆ. ಹಿಂದಿನ ದಿನವೇ ಸ್ಪಿಂಡಲ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಆಡಿಸುತ್ತಾ ಸಡಿಲ ಮಾಡಿ. ಚಕ್ರ ಸುಮ್ಮನೆ ತಿರುಗುತ್ತಾ ನೀರು ನಿಲ್ಲದಿದ್ದರೆ ಒಳಗೆ ನೀರು ತಡೆಯುವ ಗೇಟು ಸ್ಪಿಂಡಲಿನಿಂದ ಕಳಚಿಕೊಂಡಿದೆ. ಆಗ ಟ್ಯಾಂಕು ಖಾಲಿ ಮಾಡುವುದೊಂದೇ ಭರವಸೆಯ ದಾರಿ. ಎಲ್ಲರ ಸ್ನಾನವಾದ ಮೇಲೆ, ಟ್ಯಾಂಕು ತಳ ಕಂಡಿರುವ ಹೊತ್ತಿಗೆ ಕೆಲಸ ಇಟ್ಟುಕೊಂಡರೆ ನೀರು ಪೋಲಾಗುವುದಿಲ್ಲ. ಟ್ಯಾಂಕಿನ ಒಳಬಾಯಿಗೆ ಬಟ್ಟೆ ತುರುಕುವ ಪದ್ಧತಿಯೂ ಇದೆ, ಅದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಬಟ್ಟೆ ಪೈಪಿನೊಳಗೆ ಎಳೆದುಕೊಂಡು ಹೋದರೆ ತೆಗೆಯುವವರು ಯಾರು?

ಬಿಸಿನೀರಿನ ನಲ್ಲಿಯಾದರೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಗೀಸರ್ ಇದ್ದರೆ ನೀರು ನಿಲ್ಲಿಸುವ ಮೊದಲು ಅದರ ಸ್ವಿಚ್ ಆರಿಸಿ, ಕೆಲಸ ಮುಗಿದು ಬಿಸಿನೀರಿನ ನಲ್ಲಿಯಲ್ಲಿ ನೀರು ತುಂಬಿ ಹರಿಯುವವರೆಗೆ ಹಾಕಬೇಡಿ; ನೀರಿಲ್ಲದ ಗೀಸರಿನಲ್ಲಿ ಕಾಯುವ ಸುರುಳಿ ಸುಟ್ಟುಹೋಗುತ್ತದೆ. ಸೋಲಾರ್ ಇದ್ದರೆ ಅದಕ್ಕೆ ಮಾಳಿಗೆಯ ಮೇಲೆ ಬೇರೆಯದೇ ವಾಲ್ವ್ ಇರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಆ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ. ಬೆಳಗಿನ ಬಿಸಿನೀರೆಲ್ಲ ಖರ್ಚಾದ ಮೇಲೆ, ಬಿಸಿಲು ಏರುವ ಮೊದಲು ಈ ಕೆಲಸ ಮಾಡಿ.

ಯಾವ ನಲ್ಲಿ, ಎಷ್ಟು ಉದ್ದ?

ಅಂಗಡಿಗೆ ಹೋಗುವ ಮೊದಲು ಅಳತೆ ಮುಖ್ಯ. ಬಚ್ಚಲಿನ ನಲ್ಲಿಗಳು ಸಾಮಾನ್ಯವಾಗಿ ಅರ್ಧ ಇಂಚಿನವು, ಡಬ್ಬಿಯ ಮೇಲೆ 15 ಮಿಲಿಮೀಟರ್ ಎಂದಿರುತ್ತದೆ. ಆದರೆ ಅಳತೆಪಟ್ಟಿ ಹಿಡಿದರೆ ಥ್ರೆಡ್ಡಿನ ಹೊರ ಅಗಲ ಸುಮಾರು 21 ಮಿಲಿಮೀಟರ್ ಬರುತ್ತದೆ. ಗಾಬರಿಯಾಗಬೇಡಿ, ಅರ್ಧ ಇಂಚು ಎನ್ನುವುದು ಪೈಪಿನ ಒಳಗಿನ ದಾರಿಯ ಲೆಕ್ಕ. ಥ್ರೆಡ್ಡಿನ ಅಗಲ 26 ಮಿಲಿಮೀಟರ್ ಆಸುಪಾಸು ಬಂದರೆ ಅದು ಮುಕ್ಕಾಲು ಇಂಚಿನದು. ಹಂಡೆಗೋ ತೊಟ್ಟಿಗೋ ನೀರು ತುಂಬುವ ಕೆಲವು ಹಳೆಯ ನಲ್ಲಿಗಳು ಹೀಗಿರುತ್ತವೆ.

ಎರಡನೆಯ ಅಳತೆ ಆಳದ್ದು, ಇದನ್ನು ಮರೆತು ಎರಡು ಸಲ ಅಂಗಡಿಗೆ ಅಲೆಯುವವರೇ ಹೆಚ್ಚು. ಹಳೆಯ ಮನೆಗಳಲ್ಲಿ ಮೊದಲ ಗಾರೆಯ ಮೇಲೆ ಆಮೇಲೆ ಟೈಲ್ಸ್ ಅಂಟಿಸಿರುವುದರಿಂದ ಎಲ್ಬೋದ ಬಾಯಿ ಟೈಲ್ಸಿಗಿಂತ ಅರ್ಧ ಇಂಚು, ಒಂದು ಇಂಚು ಒಳಗೆ ಸೇರಿಹೋಗಿರುತ್ತದೆ. ಹಳೆಯ ನಲ್ಲಿ ಬಿಚ್ಚಿದ ಮೇಲೆ ಒಂದು ಊದುಬತ್ತಿಯ ಕಡ್ಡಿಯನ್ನು ಎಲ್ಬೋದ ಅಂಚಿಗೆ ತಾಗುವವರೆಗೆ ಇಟ್ಟು, ಟೈಲ್ಸಿನ ಮಟ್ಟಕ್ಕೆ ಗುರುತು ಮಾಡಿ ಅಳೆಯಿರಿ. ಹೊಸ ನಲ್ಲಿಯ ಥ್ರೆಡ್ ಅಲ್ಲಿಗೆ ತಲುಪಿ ಕನಿಷ್ಠ ಐದು ಸುತ್ತಾದರೂ ಹಿಡಿಯುವಂತಿಲ್ಲದಿದ್ದರೆ ಆ ಅಂತರದಷ್ಟು ಉದ್ದದ ಹಿತ್ತಾಳೆಯ ಎಕ್ಸ್‌ಟೆನ್ಷನ್ ನಿಪ್ಪಲ್ ಬೇಕಾಗುತ್ತದೆ. ಬಿಚ್ಚುವ ಮೊದಲೇ ಅರ್ಧ ಇಂಚು ಮತ್ತು ಒಂದು ಇಂಚು, ಎರಡು ಉದ್ದದ್ದನ್ನೂ ತಂದಿಟ್ಟುಕೊಳ್ಳುವುದು ಒಳ್ಳೆಯದು. ಅದರ ಜೊತೆ ಅರ್ಧ ಇಂಚಿನ ಒಂದು ಡಮ್ಮಿಯನ್ನು, ಅಂದರೆ ಎಲ್ಬೋದ ಬಾಯಿ ಮುಚ್ಚುವ ಪ್ಲಗ್ಗನ್ನು, ತಪ್ಪದೆ ತನ್ನಿ. ಕೆಲಸ ಅರ್ಧದಲ್ಲಿ ನಿಂತರೆ ಡಮ್ಮಿ ಹಾಕಿ ಮನೆಗೆಲ್ಲ ನೀರು ಬಿಡಬಹುದು. ಅದಿಲ್ಲದಿದ್ದರೆ ಒಂದು ನಲ್ಲಿಗಾಗಿ ಇಡೀ ಮನೆ ನೀರಿಲ್ಲದೆ ಕೂರಬೇಕಾಗುತ್ತದೆ.

ಇನ್ನು ಯಾವ ನಲ್ಲಿ ಎಂಬುದು. ಕಾಲು ಸುತ್ತಿಗೆ ತೆರೆದು ಮುಚ್ಚುವ, ಒಳಗೆ ಸೆರಾಮಿಕ್ ಬಿಲ್ಲೆಗಳಿರುವ ನಲ್ಲಿಗಳು ಈಗ ಎಲ್ಲೆಡೆ ಸಿಗುತ್ತವೆ, ಬಳಸಲು ಹಗುರ, ಕೈಯಲ್ಲಿ ಶಕ್ತಿ ಕಡಿಮೆಯಿರುವ ಹಿರಿಯರಿಗೆ ನಿಜವಾಗಿಯೂ ಅನುಕೂಲ. ಆದರೆ ಹಳೆಯ ಜಿಐ ಪೈಪಿನಿಂದ ತುಕ್ಕಿನ ಚೂರುಗಳು ಬರುತ್ತಲೇ ಇರುತ್ತವೆ. ಒಂದರ ಮೇಲೊಂದು ಜಾರುವ ಆ ಬಿಲ್ಲೆಗಳ ನಡುವೆ ಚೂರು ಸಿಕ್ಕಿಕೊಂಡರೆ ಗೀರು ಬಿದ್ದು ಸೋರತೊಡಗುತ್ತವೆ, ಅದಕ್ಕೆ ಸರಿಹೊಂದುವ ಕಾರ್ಟ್ರಿಜ್, ಅಂದರೆ ಬಿಲ್ಲೆಗಳಿರುವ ಒಳಭಾಗ, ಹುಡುಕುವುದು ಕಷ್ಟ. ಕೆಂಪು ನೀರು ಬರುವ ಮನೆಗೆ ನಾನು ಹೇಳುವುದು ವಾಷರ್ ಇರುವ, ತಿರುಗಿಸಿ ಇಳಿಸುವ ಹಿತ್ತಾಳೆಯ ನಲ್ಲಿಯನ್ನೇ. ಇದಕ್ಕೆ ಐಎಸ್ 781 ಎಂಬ ಭಾರತೀಯ ಮಾನಕವಿದೆ. ಮೈಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ, ಕೈಯಲ್ಲಿ ಹಿಡಿದು ತೂಗಿ ನೋಡಿ. ತೀರ ಹಗುರವಾದ, ಮೇಲೆ ಮಾತ್ರ ಕ್ರೋಮ್ ಹೊಳೆಯುವ ನಲ್ಲಿಗಳನ್ನು ಬಿಚ್ಚುವಾಗ ಅವುಗಳ ಥ್ರೆಡ್ ಮುರಿದು ಎಲ್ಬೋದೊಳಗೇ ಉಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಪ್ಲಾಸ್ಟಿಕ್ ನಲ್ಲಿಯೂ ತಪ್ಪಲ್ಲ, ಅದಕ್ಕೆ ತುಕ್ಕಿನ ಭಯವಿಲ್ಲ, ಆದರೆ ಬಿಗಿಯುವಾಗ ಕೈಬಲಕ್ಕಿಂತ ಸ್ವಲ್ಪವೇ ಹೆಚ್ಚು ಹಾಕಬೇಕು.

ನೀರಿನ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್. ಒಂದಂತಸ್ತಿನ ಮನೆಯಲ್ಲಿ ಆ ಎತ್ತರ ಮೂರು ನಾಲ್ಕು ಮೀಟರ್ ಮಾತ್ರ, ಅಂದರೆ ಒತ್ತಡ 0.3ರಿಂದ 0.4 ಬಾರ್. ಬಾಯಲ್ಲಿ ಜಾಲರಿಯಿರುವ, ನೊರೆನೊರೆಯಾಗಿ ನೀರು ಬಿಡುವ ನಲ್ಲಿಗಳು ಇಷ್ಟು ಒತ್ತಡದಲ್ಲಿ ಬಕೆಟ್ ತುಂಬಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಬಕೆಟ್ಟಿನ ಸ್ನಾನದ ಬಚ್ಚಲಿಗೆ ಅಗಲ ಬಾಯಿಯ ಸಾದಾ ನಲ್ಲಿ ಸರಿ.

ಬಿಚ್ಚುವುದು

ಹಿಂದಿನ ರಾತ್ರಿಯೇ ನಲ್ಲಿ ಗೋಡೆಗೆ ಸೇರುವ ಜಾಗದ ಫ್ಲ್ಯಾಂಜನ್ನು, ಅಂದರೆ ಸಂದು ಮುಚ್ಚುವ ದುಂಡು ತಟ್ಟೆಯನ್ನು, ಹಿಂದಕ್ಕೆ ಸರಿಸಿ. ಸುತ್ತ ಮೆತ್ತಿದ ಬಿಳಿ ಸಿಮೆಂಟನ್ನು ಹಳೆಯ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಅನೇಕ ಸಲ ನಲ್ಲಿಯನ್ನು ಹಿಡಿದಿಟ್ಟಿರುವುದು ತುಕ್ಕಲ್ಲ, ಈ ಸಿಮೆಂಟೇ. ಥ್ರೆಡ್ ಕಾಣುವ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ.

ಬೆಳಿಗ್ಗೆ ನೀರು ನಿಲ್ಲಿಸಿ, ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಬಿಡಿ. ಮೋರಿಯ ಜಾಲರಿಯ ಮೇಲೆ ಒಂದು ಬಟ್ಟೆ ಹಾಸಿ, ಸಣ್ಣ ಸಾಮಾನು ಬಿದ್ದರೆ ಸಿಗುವಂತೆ. ನಲ್ಲಿ ಬಿಚ್ಚುವಾಗ ಅದರ ಇಡೀ ಮೈ ಸುತ್ತುತ್ತದೆ ಎಂಬುದನ್ನು ನೆನಪಿಡಿ: ಪಕ್ಕದ ನಲ್ಲಿಗೋ ಹಂಡೆಯ ಕಟ್ಟೆಗೋ ತಾಗುವಂತಿದ್ದರೆ ಮೊದಲು ನಲ್ಲಿಯ ತಲೆಯ ಭಾಗವನ್ನು ಬಿಚ್ಚಿ ತೆಗೆದು ಮೈಯನ್ನು ಗಿಡ್ಡ ಮಾಡಿಕೊಳ್ಳಿ.

ಸ್ಪ್ಯಾನರನ್ನು ಗೋಡೆಗೆ ಹತ್ತಿರದ ಚಪ್ಪಟೆ ಭಾಗಕ್ಕೆ ಹಾಕಿ, ನೀರು ಬೀಳುವ ಮೂತಿಯನ್ನು ಹಿಡಿದು ಎಳೆಯಬೇಡಿ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ದಿಕ್ಕಿಗೆ ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ, ಅಂದರೆ ಅಪ್ರದಕ್ಷಿಣವಾಗಿ ಒತ್ತಿ. ಹೀಗೆ ಎರಡು ಮೂರು ಸಲ ಆಡಿಸಿದರೆ ಒಳಗಿನ ಹಳೆಯ ಬಣ್ಣ ಮತ್ತು ಸೆಣಬಿನ ಹಿಡಿತ ಬಿಡುತ್ತದೆ. ಪೈಪು ಗೋಡೆಯ ಹೊರಗೇ ಹಾದುಹೋಗಿರುವ ಮನೆಯಾದರೆ ಎಲ್ಬೋವನ್ನು ಎರಡನೆಯ ಪೈಪ್ ರೆಂಚಿನಿಂದ ಹಿಡಿದುಕೊಳ್ಳಬೇಕು. ಗೋಡೆಯೊಳಗಿದ್ದರೆ ಹಿಡಿಯಲು ಬಾರದು, ಕಿವಿ ಮತ್ತು ಕಣ್ಣನ್ನು ನಂಬಬೇಕು. ನಲ್ಲಿ ಸುತ್ತುವಾಗ ನುಣ್ಣಗೆ, ಒಂದೇ ಸಮ ಬಂದರೆ ಸರಿ. ರಬ್ಬರಿನಂತೆ ಸ್ವಲ್ಪ ಬಂದು ಕೈಬಿಟ್ಟಾಗ ಹಿಂದಕ್ಕೆ ಹೋದರೆ, ಗೋಡೆಯೊಳಗೆ ಕಿರುಗುಟ್ಟಿದರೆ, ನಲ್ಲಿಯ ಸುತ್ತಲಿನ ಟೈಲ್ಸಿನಲ್ಲಿ ಸಣ್ಣ ಬಿರುಕು ಓಡಿದರೆ ಅಲ್ಲಿಗೇ ನಿಲ್ಲಿಸಿ. ತಿರುಗುತ್ತಿರುವುದು ಎಲ್ಬೋ. ಮತ್ತೆ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಆಗಲೂ ಬಾರದಿದ್ದರೆ ಅನುಭವಸ್ಥ ಪ್ಲಂಬರನ್ನು ಕರೆಸಿ. ನಲ್ಲಿಯ ಥ್ರೆಡ್ ಮುರಿದು ಎಲ್ಬೋದೊಳಗೆ ಉಳಿದರೂ ಅವರನ್ನೇ ಕರೆಸಬೇಕು. ಹ್ಯಾಕ್ಸಾ ಬ್ಲೇಡಿನಿಂದ ಆ ಉಂಗುರವನ್ನು ಸೀಳಿ ತೆಗೆಯುತ್ತಾರೆ. ಒಂದು ಗೀರು ಹೆಚ್ಚಾದರೆ ಎಲ್ಬೋದ ಥ್ರೆಡ್ಡೇ ಕತ್ತರಿಸಿಹೋಗುವ ಕೆಲಸ ಅದು.

ನಲ್ಲಿ ಹೊರಬಂದ ಮೇಲೆ ಎಲ್ಬೋದ ಬಾಯಿಗೆ ಟಾರ್ಚ್ ಬಿಡಿ. ಕಪ್ಪಾದ ಸೆಣಬಿನ ನಾರು, ಕೆಂಪು ತುಕ್ಕಿನ ಹೆಪ್ಪು, ಬಿಳಿ ಸುಣ್ಣದ ಪದರ, ಎಲ್ಲವೂ ಅಲ್ಲಿರುತ್ತವೆ. ಸೂಜಿಯ ಮೊನೆಯಿಂದ ಥ್ರೆಡ್ಡಿನ ಹಳ್ಳಗಳಲ್ಲಿ ಸಿಕ್ಕಿಕೊಂಡದ್ದನ್ನು ಸುತ್ತಲೂ ಬಿಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಥ್ರೆಡ್ಡಿನ ಏಣುಗಳು ಚೂಪಾಗಿ, ಮುರಿಯದೆ ಸುತ್ತಿಬಂದಿರಬೇಕು. ಮೊದಲ ಒಂದೆರಡು ಸುತ್ತು ಸವೆದಿದ್ದರೆ ತೊಂದರೆಯಿಲ್ಲ, ಮೂರು ನಾಲ್ಕು ಸುತ್ತು ಸವೆದು ನುಣುಪಾಗಿದ್ದರೆ ಟೇಪು ಎಷ್ಟು ಸುತ್ತಿದರೂ ನಿಲ್ಲದು, ಎಲ್ಬೋವನ್ನೇ ಬದಲಾಯಿಸಬೇಕು. ಶುಚಿ ಮಾಡಿದ ಮೇಲೆ ಬಾಯಿಗೆ ಬಕೆಟ್ ಹಿಡಿದು, ಮನೆಯವರೊಬ್ಬರಿಗೆ ಹೇಳಿ ವಾಲ್ವನ್ನು ಐದಾರು ಸೆಕೆಂಡು ಮಾತ್ರ ತೆರೆಸಿ. ಮೊದಲು ಬರುವ ಕೆಂಪು ನೀರಿನ ಜೊತೆ ಸಡಿಲವಾದ ತುಕ್ಕೆಲ್ಲ ಹೊರಬೀಳುತ್ತದೆ. ಈ ಹಂತವನ್ನು ಬಿಟ್ಟರೆ ಆ ತುಕ್ಕೆಲ್ಲ ಹೊಸ ನಲ್ಲಿಯ ವಾಷರಿನ ಕೆಳಗೆ ಹೋಗಿ ಕೂರುತ್ತದೆ, ಎರಡನೆಯ ದಿನವೇ ಹೊಸ ನಲ್ಲಿಯೂ ಹನಿಯತೊಡಗುತ್ತದೆ.

ಕೂರಿಸುವುದು

ಮೊದಲು ಫ್ಲ್ಯಾಂಜನ್ನು ನಲ್ಲಿಯ ಥ್ರೆಡ್ಡಿಗೆ ತೂರಿಸಿ. ಇದನ್ನು ಮರೆತು ನಲ್ಲಿ ಬಿಗಿದ ಮೇಲೆ ನೆನಪಾದರೆ ಎಲ್ಲವನ್ನೂ ಬಿಚ್ಚಿ ಹೊಸ ಟೇಪು ಸುತ್ತಬೇಕಾಗುತ್ತದೆ.

ನಲ್ಲಿಯ ಥ್ರೆಡ್ಡಿನ ತುದಿ ನಿಮ್ಮ ಮುಖಕ್ಕೆ ಎದುರಾಗುವಂತೆ ಹಿಡಿದುಕೊಂಡು ಟೆಫ್ಲಾನ್ ಟೇಪನ್ನು ಪ್ರದಕ್ಷಿಣವಾಗಿ ಸುತ್ತಿ. ದಿಕ್ಕು ತಪ್ಪಿದರೆ ನಲ್ಲಿ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಹೊರಗೆ ಮಡಚಿ ನಿಲ್ಲುತ್ತದೆ. ತುದಿಯ ಒಂದು ಏಣನ್ನು ಖಾಲಿ ಬಿಡಿ, ಟೇಪಿನ ಚಿಂದಿ ಒಳಗೆ ಹೋಗಿ ನೀರಿನ ದಾರಿಗೆ ಸಿಕ್ಕಿಕೊಳ್ಳಬಾರದು. ಟೇಪನ್ನು ಎಳೆದು, ಥ್ರೆಡ್ಡಿನ ಏಣುಗಳು ಟೇಪಿನ ಮೇಲೆ ಮೂಡಿ ಕಾಣುವಷ್ಟು ಬಿಗಿಯಾಗಿ ಸುತ್ತಬೇಕು. ನಮ್ಮಲ್ಲಿ ಸಿಗುವ ತೆಳು ಟೇಪಿನಲ್ಲಿ ಹೊಸ ಎಲ್ಬೋಗೆ ಎಂಟು ಹತ್ತು ಸುತ್ತು ಸಾಕು, ಹಳೆಯ ಜಿಐ ಎಲ್ಬೋಗೆ ಹನ್ನೆರಡರಿಂದ ಹದಿನೈದು ಸುತ್ತು ಬೇಕಾಗುತ್ತದೆ. ಥ್ರೆಡ್ ಸ್ವಲ್ಪ ಸವೆದಿದ್ದರೆ ಹಳಬರ ಕ್ರಮದಂತೆ ಸೆಣಬಿನ ಎಳೆಗಳನ್ನು ಹಳ್ಳಗಳಲ್ಲಿ ತೆಳ್ಳಗೆ ಸುತ್ತಿ, ಅದರ ಮೇಲೆ ಟೇಪು ಸುತ್ತುವುದು ಉತ್ತಮ. ಸೆಣಬು ನೀರು ಕುಡಿದು ಉಬ್ಬಿ ಸಂದನ್ನು ತುಂಬುತ್ತದೆ.

ಈಗ ನಲ್ಲಿಯನ್ನು ಕೈಯಿಂದಲೇ ತಿರುಗಿಸಿ ಕೂರಿಸಿ. ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗಬೇಕು. ಮೊದಲ ಸುತ್ತಿನಲ್ಲೇ ಗಟ್ಟಿಯಾದರೆ ಥ್ರೆಡ್ ಅಡ್ಡ ಹತ್ತಿದೆ, ಬಲವಂತ ಮಾಡದೆ ಹಿಂದಕ್ಕೆ ತಿರುಗಿಸಿ ನೇರ ಮಾಡಿ. ಕೊನೆಯವರೆಗೂ ಕೈಯಲ್ಲೇ ಹೋಗಿಬಿಟ್ಟರೆ ಟೇಪು ಸಾಲದು, ತೆಗೆದು ಇನ್ನೂ ನಾಲ್ಕೈದು ಸುತ್ತು ಹೆಚ್ಚಿಗೆ ಹಾಕಿ. ಕೈಬಿಗಿ ಆದ ಮೇಲೆ ನಲ್ಲಿಯ ಮೇಲೆ ಬಟ್ಟೆ ಹಾಕಿ, ಸ್ಪ್ಯಾನರಿನಿಂದ ಒಂದು ಒಂದೂವರೆ ಸುತ್ತು ಬಿಗಿದರೆ ಸಾಕು.

ನಲ್ಲಿಯ ಮೂತಿ ಸರಿಯಾಗಿ ಕೆಳಮುಖವಾಗಿ ನಿಲ್ಲಬೇಕು. ಅದು ಸ್ವಲ್ಪ ದಾಟಿ ಹೋಯಿತೆಂದು ಹಿಂದಕ್ಕೆ ತಿರುಗಿಸುವುದೇ ಹೆಚ್ಚಿನ ಜನ ಮಾಡುವ ತಪ್ಪು. ಒಮ್ಮೆ ಬಿಗಿಯಾಗಿ ಒತ್ತಿಕೊಂಡ ಟೇಪು, ಹಿಂದಕ್ಕೆ ಬಂದರೆ ಸಂದು ಬಿಡುತ್ತದೆ. ದಾಟಿಹೋದರೆ, ಹಗುರವಾಗಿ ಬರುತ್ತಿದ್ದರೆ ಮಾತ್ರ ಇನ್ನೊಂದು ಸುತ್ತು ಮುಂದಕ್ಕೆ ತನ್ನಿ. ಗಟ್ಟಿಯಾಗಿದ್ದರೆ ಪೂರ್ತಿ ಬಿಚ್ಚಿ, ಹಳೆಯ ಟೇಪು ಕಿತ್ತು, ಎರಡು ಸುತ್ತು ಹೆಚ್ಚಿಗೆ ಸುತ್ತಿ ಮತ್ತೆ ಕೂರಿಸಿ. ಎರಡು ಅಡಿ ಟೇಪಿನ ಬೆಲೆಗೆ ಗೋಡೆಯೊಳಗಿನ ಎಲ್ಬೋವನ್ನು ಒತ್ತೆಯಿಡಬೇಡಿ. ಎಕ್ಸ್‌ಟೆನ್ಷನ್ ನಿಪ್ಪಲ್ ಹಾಕುವುದಿದ್ದರೆ ಅದನ್ನು ಮೊದಲು ಎಲ್ಬೋಗೆ ಇದೇ ಕ್ರಮದಲ್ಲಿ ಬಿಗಿದು, ಆಮೇಲೆ ಅದಕ್ಕೆ ನಲ್ಲಿ ಕೂರಿಸಿ.

ನೀರು ಬಿಟ್ಟು ನೋಡುವುದು

ಹೊಸ ನಲ್ಲಿಯನ್ನು ಪೂರ್ತಿ ತೆರೆದಿಟ್ಟು, ಬಾಯಿಯ ಜಾಲರಿಯಿದ್ದರೆ ಬಿಚ್ಚಿಟ್ಟು, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮೊದಲು ಗಾಳಿ ಸೀನುತ್ತಾ ಬರುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ತಿಳಿಯಾದ ಮೇಲಷ್ಟೇ ನಲ್ಲಿ ಮುಚ್ಚಿ. ಸಂದನ್ನು ಒಣಬಟ್ಟೆಯಿಂದ ಒರೆಸಿ, ಸುತ್ತ ಒಂದು ತುಂಡು ಒಣ ವೃತ್ತಪತ್ರಿಕೆಯ ಕಾಗದ ಸುತ್ತಿ ಬಿಡಿ. ಕಣ್ಣಿಗೆ ಕಾಣದ ಒಸರು ಕೂಡ ಕಾಗದದ ಮೇಲೆ ಕಪ್ಪಾಗಿ ಹರಡಿ ತೋರಿಸುತ್ತದೆ. ಒಂದು ಗಂಟೆಯ ನಂತರ ನೋಡಿ, ರಾತ್ರಿ ಟ್ಯಾಂಕು ತುಂಬಿದ ಮೇಲೆ ಇನ್ನೊಮ್ಮೆ ನೋಡಿ. ತುಂಬಿದ ಟ್ಯಾಂಕಿನ ಒತ್ತಡಕ್ಕೆ ಒಸರದಿದ್ದರೆ ಕೆಲಸ ಸರಿಯಾಗಿದೆ.

ಸೆಣಬು ಸುತ್ತಿದ ಕಡೆ ಮೊದಲ ಕೆಲವು ಗಂಟೆ ಸಣ್ಣಗೆ ಒಸರಿ ತಾನೇ ನಿಲ್ಲುವುದುಂಟು, ಅದಕ್ಕಾಗಿ ಮತ್ತೆ ಸ್ಪ್ಯಾನರ್ ಹಾಕುವ ಅವಸರ ಬೇಡ. ಗೋಡೆಯ ಆಚೆ ಬದಿಯನ್ನು ನೋಡುವುದು ಮಾತ್ರ ಮರೆಯಬೇಡಿ. ಬಚ್ಚಲಿನ ಗೋಡೆಗೆ ಬೆನ್ನು ಕೊಟ್ಟಿರುವುದು ಅಡುಗೆಮನೆಯೋ ದೇವರಮನೆಯೋ ಕೋಣೆಯೋ ಆಗಿರುತ್ತದೆ. ನಲ್ಲಿಯ ಎತ್ತರಕ್ಕೆ ಸರಿಯಾಗಿ ಆ ಬದಿಯಲ್ಲಿ ಅಂಗೈಯಿಟ್ಟು ನೋಡಿ, ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ನೋಡಿ. ತಣ್ಣಗೆ ತೇವ ತಗುಲಿದರೆ, ಬಣ್ಣ ಕಪ್ಪಾದರೆ, ಸುಣ್ಣ ಉಬ್ಬಿದರೆ ಒಳಗಿನ ಜೋಡಣೆ ಬಿಟ್ಟಿದೆ. ನಲ್ಲಿ ತೆಗೆದು ಡಮ್ಮಿ ಹಾಕಿ ಉಪಯೋಗವಿಲ್ಲ, ಆ ಭಾಗದ ನೀರನ್ನೇ ನಿಲ್ಲಿಸಿ ಪ್ಲಂಬರನ್ನು ಕರೆಸಿ. ಅಂತಹ ಸಂದರ್ಭದಲ್ಲಿ ಒಂದು ಎಲ್ಬೋ ಮಾತ್ರ ಬದಲಾಯಿಸಿ ಗೋಡೆ ಮುಚ್ಚುವುದಕ್ಕಿಂತ, ಬಚ್ಚಲಿನ ಆ ಸಾಲನ್ನೇ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸುವ ಮಾತನ್ನು ಅವರ ಜೊತೆ ಆಡಿ ನೋಡಿ, ಏಕೆಂದರೆ ಉಳಿದ ಎಲ್ಬೋಗಳ ವಯಸ್ಸೂ ಅಷ್ಟೇ.

ಮೂರು ದಿನ ಒಣಗಿಯೇ ಇದ್ದರೆ ಫ್ಲ್ಯಾಂಜನ್ನು ಗೋಡೆಗೆ ತಾಗಿಸಿ ಅಂಚಿಗೆ ಬಿಳಿ ಸಿಮೆಂಟು ಮೆತ್ತಬಹುದು. ಕೆಳಭಾಗದಲ್ಲಿ ಒಂದು ಬೆರಳಗಲ ಹಾಗೇ ಬಿಡಿ. ಮುಂದೆಂದಾದರೂ ಒಳಗೆ ಒಸರಿದರೆ ಆ ನೀರು ಗೋಡೆಯೊಳಗೆ ಇಳಿಯದೆ ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ. ಬಿಚ್ಚಿದ ಹಳೆಯ ಹಿತ್ತಾಳೆ ನಲ್ಲಿಯನ್ನು ಗುಜರಿಗೆ ಹಾಕುವ ಮೊದಲು ಅದರ ತಲೆಯ ಭಾಗ, ಸ್ಪಿಂಡಲ್ ಮತ್ತು ಜಂಪರನ್ನು ಬಿಡಿಸಿ ಒಂದು ಡಬ್ಬಿಯಲ್ಲಿ ಹಾಕಿಡಿ. ಮನೆಯಲ್ಲಿ ಅದೇ ಕಾಲದ ಇನ್ನೂ ಮೂರು ನಾಲ್ಕು ನಲ್ಲಿಗಳಿರುತ್ತವೆ, ಅವುಗಳಿಗೆ ಸರಿಹೊಂದುವ ಬಿಡಿಭಾಗ ಅಂಗಡಿಯಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ.